ನಿಮ್ಮ ಸಹಿಯಿದ್ದ ಬಾಟಲಿ

ಮಿಸ್, ಆರು ವರ್ಷದ ಹಿಂದೆ ಪರೀಕ್ಷೆಗೆ ಹೋದದ್ದು ನಿಮ್ಮ ಬೋರ್‌ವೆಲ್ ನೀರಲ್ಲ. ಚಂದ್ರಾ ಲೇಔಟಿನ ನಮ್ಮ ಮನೆ ನಲ್ಲಿಯ ಕಾವೇರಿ ನೀರು. ಬದಲಾಯಿಸಿದವನು ನಾನು.

ಶ್ರೀಗಂಧದ ಕಾವಲ್‌ನಲ್ಲಿ ನಿಮ್ಮ ಮನೆ ಹಿಂದಿನ ಡೈರಿ ಶೆಡ್ಡು, ಅದರ ನೂರಾರು ಎಮ್ಮೆಗಳ ಸಗಣಿ, ಗಂಜಲವೆಲ್ಲ ಮೋರಿಗೆ, ಅಲ್ಲಿಂದ ಇಂಗಿ ನಿಮ್ಮ ಬೋರ್‌ವೆಲ್ಲಿಗೆ — ದೂರು ಕೊಟ್ಟವರು ನೀವೊಬ್ಬರೇ. ಎಮ್ಮೆ ಕರು ಹಾಕಿದಾಗಲೆಲ್ಲ ಮನೆಮನೆಗೆ ಬರುತ್ತಿದ್ದ ಗಿಣ್ಣು ಮಿಕ್ಕವರ ಬಾಯಿ ಕಟ್ಟಿಹಾಕಿತ್ತು. ನೀರು ಕೆಟ್ಟಿದೆ ಎಂದು ವರದಿ ಬಂದರೆ ಸಗಣಿ ಗುಂಡಿ ಕಟ್ಟಿಸುವವರೆಗೂ ಶೆಡ್ಡಿಗೆ ಬೀಗ. ನಮ್ಮ ಆಫೀಸಿನ ಪರವಾಗಿ ನೀರಿನ ಮಾದರಿ ತರುವ ಕೆಲಸ ನನ್ನದು. ಶೆಡ್ಡಿನ ಮಾಲೀಕ ಮಂಜು ನನ್ನ ಹೆಂಡತಿಯ ತಮ್ಮ — ಅದನ್ನೂ ನಿಮಗೆ ಹೇಳಲಿಲ್ಲ.

ಮಾದರಿ ತೆಗೆಯುವ ಹಿಂದಿನ ದಿನ ಅವನು ಗಿಣ್ಣಿನ ಡಬ್ಬಿ ಹಿಡಿದು ಬಂದಿದ್ದ. “ಇದೊಂದ್ಸಲ ಉಳ್ಸಿ ಭಾವ. ಒಂದ್ ತಿಂಗ್ಳಲ್ಲಿ ಗುಂಡಿ ಕಟ್ಟಿಸ್ತೀನಿ, ಅಕ್ಕನ ಮೇಲಾಣೆ.” ನಂಬಿದೆ.

ಬಾಟಲಿ ಮುಚ್ಚಿದ ಮೇಲೆ ಸೀಲಿನ ಚೀಟಿಗೆ ದೂರು ಕೊಟ್ಟವರು ಸಹಿ ಹಾಕಬೇಕು. ನೀವು ಮೊದಲೇ ಹಾಕಿಕೊಟ್ಟಿರಿ. “ನೀನೇ ಬಂದಿದೀಯಲ್ಲೋ, ಇನ್ನೇನು ನೋಡೋದು” ಎಂದು ಕಾಫಿ ಇಡಲು ಒಳಗೆ ಹೋದಿರಿ. ಒಂದನೇ ಕ್ಲಾಸಿನಲ್ಲಿ ಕೈಹಿಡಿದು ನನಗೆ ಅಕ್ಷರ ತಿದ್ದಿಸಿದವರು ನೀವು... ಆ ಕಾಫಿಯನ್ನೂ ಕುಡಿದೆ.

ಮಂಜು ಗುಂಡಿ ತೋಡಲಿಲ್ಲ. ವರದಿಯನ್ನು ಗೋಡೆಗೆ ಅಂಟಿಸಿ ಇನ್ನಷ್ಟು ಎಮ್ಮೆ ತಂದ. ಕೇಳಿದರೆ, “ನೀರು ಚೆನ್ನಾಗಿದೆ ಅಂತ ನಿಮ್ಮೋರೇ ಬರ್ಕೊಟ್ಟಿದಾರಲ್ಲ ಭಾವ” ಎಂದು ನಕ್ಕ. ನಂಬಿಸಿ ಕತ್ತು ಕುಯ್ದ ಎಂದು ಹೆಂಡತಿಯ ಹತ್ತಿರ ಕೂಗಾಡಿದೆ — ನಾನು ಕುಯ್ದದ್ದನ್ನು ಮಾತ್ರ ಎತ್ತಲಿಲ್ಲ.

ನಿಮ್ಮ ಬೀದಿಯವರು ನಿಮ್ಮನ್ನು ಕಿರಿಕ್ ಹೆಂಗಸು ಎಂದರು. ಆದರೆ ನೀವು — ನೀವು ಆ ವರದಿಯನ್ನು ನಂಬಿದಿರಿ. “ನನ್ನ ಮೂಗೇ ಕೆಟ್ಟಿರ್ಬೇಕು ಕಣೋ” ಎಂದು ಕ್ಯಾನ್ ನೀರು ನಿಲ್ಲಿಸಿ ಬೋರ್ ನೀರನ್ನೇ ಕುಡಿಯತೊಡಗಿದಿರಿ, ಮೊಮ್ಮಗಳಿಗೂ ಕುಡಿಸಿದಿರಿ. ಅವಳು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ಎಳನೀರು ಹಿಡಿದು ನೋಡಲು ಬಂದೆ. ಆಗಲೂ ಬಾಯಿ ಬಿಡಲಿಲ್ಲ.

ಮೊನ್ನೆ ನಿಮ್ಮ ಮನೆಗೆ ಬಂದಾಗ ಅವಳೇ ನನಗೊಂದು ಲೋಟ ನೀರು ತಂದುಕೊಟ್ಟಳು, ಅದೇ ಬೋರಿನದು. ನನಗೆ ಕುಡಿಯಲಾಗಲಿಲ್ಲ. ಅವಳು ದಿನಾ ಕುಡಿಯುತ್ತಾಳೆ.

ಈ ಕಾಗದದ ಪ್ರತಿಯನ್ನು ಆಫೀಸಿಗೂ ಕೊಟ್ಟಿದ್ದೇನೆ. ಕೆಲಸ ಹೋದರೆ ಹೋಗಲಿ. ಇವತ್ತಿನಿಂದಲೇ ಆ ನೀರು ನಿಲ್ಲಿಸಿ. ಮತ್ತೆ ಮಾದರಿ ತೆಗೆಯಲು ಯಾರಾದರೂ ಬರುತ್ತಾರೆ. ಬಾಟಲಿ ತುಂಬಿ ಮುಚ್ಚುವವರೆಗೂ ಕದಲದೆ ನಿಂತು ನೋಡಿ ಮಿಸ್, ಆಮೇಲೆ ಸಹಿ ಹಾಕಿ. ಬಂದವನು ನಿಮ್ಮ ಶಿಷ್ಯನೇ ಆದರೂ.