ಮೊದಲ ಸಲಕ್ಕೆ ಬೇಡ ಅನ್ನುವವರು

ಅವರೆಕಾಳು ಹಿಸುಕುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ಅಕ್ಕನಿಗೆ ಒಂದು ಮಾತು ಹೇಳೋದಿದೆ ಕಣೇ. ಇಬ್ಬರಲ್ಲಿ ಯಾರಾದ್ರೂ ಹೊರಟುಹೋಗೋದ್ರೊಳಗೆ ಹೇಳ್ಬಿಡ್ಬೇಕು."

ಅಕ್ಕ ಎಂದರೆ ನನ್ನ ದೊಡ್ಡಮ್ಮ, ಮಲ್ಲೇಶ್ವರದವರು. ನಾವಿರುವುದು ಬಸವನಗುಡಿಯಲ್ಲಿ. ಊರು ಒಂದೇ, ನಡುವೆ ಮೆಟ್ರೋ ಬೇರೆ ಓಡುತ್ತದೆ. ಆದರೆ ಅಮ್ಮನ ಮಂಡಿಗಳು ನಮ್ಮ ಮನೆಯ ಹೊಸಿಲಿಗೇ ತಕರಾರು ತೆಗೆಯುತ್ತವೆ. ದೊಡ್ಡಮ್ಮ ಸೊಂಟದ ಮೂಳೆ ಮುರಿದುಕೊಂಡು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಮಲಗಿದ್ದರು.

ಅಕ್ಕತಂಗಿಯರ ಮಾತು ಕೆಟ್ಟದ್ದು ದೊಡ್ಡಮ್ಮನ ಮಗನ ಮದುವೆಯಲ್ಲಿ. ದೊಡ್ಡಮ್ಮ ತಾವೇ ಬಂದು ಕುಂಕುಮ ಇಟ್ಟು ಕರೆಯಲಿಲ್ಲ, ಲಗ್ನಪತ್ರಿಕೆಯನ್ನು ಯಾರ ಕೈಯಲ್ಲೋ ಕೊಟ್ಟು ಕಳಿಸಿದರು. "ಪತ್ರಿಕೆ ಕರೆಯತ್ತಾ? ಮನುಷ್ಯರು ಕರೀಬೇಕು," ಅಂದ ಅಮ್ಮ ಮದುವೆಗೆ ಹೋಗಲಿಲ್ಲ. ಒಡಹುಟ್ಟಿದ ತಂಗಿಯೇ ಬರಲಿಲ್ಲವಲ್ಲ ಎಂದು ದೊಡ್ಡಮ್ಮ ಧಾರೆಯ ಹೊತ್ತಿನಲ್ಲೂ ಬಾಗಿಲ ಕಡೆ ನೋಡುತ್ತಿದ್ದರಂತೆ. ಆಮೇಲೆ ಬೇರೆಯವರ ಮನೆಯ ಮುಂಜಿ, ನಾಮಕರಣಗಳಲ್ಲಿ ಎದುರಾದಾಗ "ಚೆನ್ನಾಗಿದೀಯಾ", "ಹೂಂ, ನೀನು" ಎನ್ನುವಷ್ಟು ಮಾತು. ಬ್ಯಾಂಕಿನ ಕ್ಯೂನಲ್ಲಿ ಸಿಕ್ಕವರು ಇದಕ್ಕಿಂತ ಜಾಸ್ತಿ ಮಾತಾಡುತ್ತಾರೆ.

ಅಮ್ಮ ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ದೊಡ್ಡಮ್ಮನ ಕಿವಿಗೆ ಹೊಸದಾಗಿ ಯಂತ್ರ ಹಾಕಿಸಿದ್ದರು. ಫೋನನ್ನು ಕಿವಿಗೆ ಹಿಡಿದರೆ ಅದು ಕುಕ್ಕರಿನ ಹಾಗೆ ಕೂಗುತ್ತಿತ್ತು. ಮೇಲಾಗಿ, ಮುಖ ನೋಡದೆ ಹೇಳುವ ಮಾತಲ್ಲ ಅದು ಎಂದು ಅಮ್ಮನ ಹಟ. ಹಾಗಾಗಿ ನನ್ನ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ವೀಡಿಯೊ ಕರೆ ಮಾಡುವುದು ಎಂದು ತೀರ್ಮಾನವಾಯಿತು. ಅತ್ತಿಗೆ, ಎಂದರೆ ದೊಡ್ಡಮ್ಮನ ಸೊಸೆ, ಭಾನುವಾರ ಬೆಳಿಗ್ಗೆ ಅವರನ್ನು ದಿಂಬಿಗೆ ಒರಗಿಸಿ ಟ್ಯಾಬ್ ಮುಂದಿಡುತ್ತೇನೆಂದು ಒಪ್ಪಿಕೊಂಡರು.

ಇನ್ನು ನನ್ನ ವಿಷಯ. ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು ನಾನು, ಆದರೆ ನನ್ನ ನಿಜವಾದ ಕಸುಬು ಚಿಂತೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗಾಂಧಿ ಬಜಾರಿನ ಅರ್ಧದಾರಿಯಿಂದ ವಾಪಸು ಬರುವುದು ನನಗೆ ವ್ಯಾಯಾಮ. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿಕೊಳ್ಳಲೇ ಎಂದು ಕಂಪ್ಯೂಟರು ವಾರಗಟ್ಟಲೆಯಿಂದ ಕೇಳುತ್ತಿತ್ತು, ನಾನು ನಾಳೆ ನಾಳೆ ಎಂದು ಸಾಗಹಾಕುತ್ತಿದ್ದೆ. ಶನಿವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು. ನಾಳೆ ಅಮ್ಮ ಮಾತಾಡುತ್ತಿರುವಾಗಲೇ ಈ ಹಳೇ ಸಿಸ್ಟಂ ಕೈಕೊಟ್ಟರೆ? ಕೈಕೊಡದ ಹಾಗೆ ಇವತ್ತೇ ಅಪ್‌ಗ್ರೇಡ್ ಮಾಡಿಬಿಡೋಣ ಎಂದು ಗುಂಡಿ ಒತ್ತಿದೆ. ಚಿಂತೆ ಮಾಡದವರು ಸುಮ್ಮನಿರುತ್ತಿದ್ದರು, ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅಮ್ಮ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಕುರ್ಚಿಯಲ್ಲಿ ಕೂತಳು. ನಾನು ವೀಡಿಯೊ ಕರೆಯ ಪ್ರೋಗ್ರಾಂ ತೆರೆದೆ. ಹೊಸ ಸಿಸ್ಟಂ ಒಂದು ಸಣ್ಣ ಚೌಕ ತೋರಿಸಿತು: ಈ ಪ್ರೋಗ್ರಾಂ ನಿಮ್ಮ ಮೈಕ್ ಬಳಸಲು ಬಯಸುತ್ತಿದೆ, ಬಿಡಲೇ, ಬೇಡವೇ?

ನಾನು ಬೇಡ ಎಂದು ಒತ್ತಿದೆ.

ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮ ಮನೆಗಳಲ್ಲಿ ಯಾರು ಏನು ಕೇಳಿದರೂ ಮೊದಲ ಸಲಕ್ಕೆ ಬೇಡ ಅನ್ನಬೇಕು. ಕಾಫಿ ತಗೋತೀರಾ, ಅಯ್ಯೋ ಬೇಡ, ಈಗಷ್ಟೇ ಆಯ್ತು. ಹೋಳಿಗೆ ಬಡಿಸುವವರು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಇಡಬೇಕು. ಅವರು ಇನ್ನೊಮ್ಮೆ ಹೇಳುತ್ತಾರೆ, ಆಗ ಬೆರಳುಗಳ ಸಂದಿನಿಂದ ಜಾಗ ಬಿಡಬೇಕು. ಮೊದಲ ಕರೆಗೇ ಹೂಂ ಅಂದವರು ಹೊಟ್ಟೆಬಾಕರು, ಎರಡನೆಯ ಸಲ ಕೇಳದವರು ಸಂಸ್ಕಾರ ಇಲ್ಲದವರು. ಇದರ ಮೇಲೆ ಪೇಪರಿನಲ್ಲಿ ದಿನಾ ಬರುವ ಆನ್‌ಲೈನ್ ಮೋಸದ ಸುದ್ದಿಗಳು. ನನ್ನ ಬೆರಳಿಗೆ ಯೋಚಿಸುವ ಅಗತ್ಯವೇ ಬರಲಿಲ್ಲ.

ಕಂಪ್ಯೂಟರು ಕೂಡಲೇ ಇನ್ನೊಂದು ಚೌಕ ತೋರಿಸಿತು. ನೋಡು, ಎರಡನೇ ಸಲ ಕೇಳುತ್ತಿದೆ, ಪರವಾಗಿಲ್ಲ, ಮರ್ಯಾದೆ ಗೊತ್ತಿದೆ ಎಂದುಕೊಂಡು ಈ ಸಲ ಬಿಡು ಎಂದು ಒತ್ತಿದೆ. ಅದು ಕೇಳಿದ್ದು ಕ್ಯಾಮೆರಾ ಬಗ್ಗೆ ಎಂದು ಆಮೇಲೆ ಗೊತ್ತಾಯಿತು. ನಾನು ಒಂದೇ ಹೋಳಿಗೆಗೆ ಎರಡು ಸಲ ಉಪಚಾರ ಎಂದುಕೊಂಡಿದ್ದೆ. ಅದರ ಪ್ರಕಾರ ಮೊದಲು ಬಂದದ್ದು ಹೋಳಿಗೆ, ಆಮೇಲೆ ಬಂದದ್ದು ಪಾಯಸ. ಹೋಳಿಗೆ ಒಳಗೆ ಹೋಯಿತು, ತಿರುಗಿ ಬರಲೇ ಇಲ್ಲ.

ಪರದೆಯ ಮೇಲೆ ದೊಡ್ಡಮ್ಮ ಬಂದರು. ಬಿಳಿ ಕೂದಲು, ಹಣೆಯಲ್ಲಿ ಕುಂಕುಮ, ಮೊದಲಿಗಿಂತ ಸಣ್ಣ ಮುಖ. ಹಿಂದಿನಿಂದ ಅತ್ತಿಗೆ ಬಗ್ಗಿ, "ಕಾಣಿಸ್ತಿದೀವಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಸೊಂಟಕ್ಕೆ ತಿವಿದು, "ನೀನು ಹೋಗು ಆಚೆ," ಅಂದಳು. ನಾನು ಹೆಬ್ಬೆರಳು ಎತ್ತಿ ತೋರಿಸಿ, ಬಾಗಿಲು ಎಳೆದುಕೊಂಡು ಬಂದೆ. ಅಲ್ಲಿ ಅತ್ತಿಗೆಯೂ ಅಡಿಗೆಮನೆಗೆ ಹೋದರಂತೆ. ಆ ಹೆಬ್ಬೆರಳಿನ ಬದಲು ಒಂದು ಹೂಂ ಅಂದಿದ್ದರೆ ಅಲ್ಲೇ ಎಲ್ಲ ಗೊತ್ತಾಗಿಬಿಡುತ್ತಿತ್ತು.

ಬಾಗಿಲ ಈಚೆ ನಿಂತವಳಿಗೆ ಅಮ್ಮನ ದನಿಯ ಏರಿಳಿತ ಕೇಳಿತು, ಮಾತು ಕೇಳಲಿಲ್ಲ. ಕೇಳಿಸಿಕೊಳ್ಳಬಾರದು ಎಂದು ನಾನೇ ಬಾಲ್ಕನಿಗೆ ಹೋಗಿ ತುಳಸಿಗೆ ಬೇಡದಷ್ಟು ನೀರು ಹಾಕಿದೆ. ಆಮೇಲೆ ಅಮ್ಮ ಹೊರಗೆ ಬಂದು, ಮುಖ ತೊಳೆದು, ಕಾಫಿ ಕೇಳಿದಳು.

"ಹೇಳ್ದೆ. ಎಲ್ಲಾ ಕೇಳಿಸ್ಕೊಂಡ್ಳು. ಒಂದು ಮಾತೂ ಎದುರಾಡ್ಲಿಲ್ಲ, ಹೂಂ ಹೂಂ ಅಂದ್ಳು. ಕೊನೇಲಿ, ಆಯ್ತು ಬಿಡೇ, ಅಂದ್ಳು."

ಅವತ್ತು ಮಧ್ಯಾಹ್ನ ಅವಳು ನಿದ್ದೆ ಮಾಡಿದಳು, ಗೊರಕೆ ಹೊಡೆಯುವಂಥ ನಿದ್ದೆ.

ಸೋಮವಾರ ಆಫೀಸಿನ ಮೀಟಿಂಗ್‌ನಲ್ಲಿ ನಾನು ತುಂಬ ತಯಾರಿ ಮಾಡಿಕೊಂಡಿದ್ದ ವಿಷಯವನ್ನು ಹೇಳತೊಡಗಿದೆ. ಯಾರೋ, "ಮೇಡಂ, ಮ್ಯೂಟ್‌ನಲ್ಲಿದೀರ," ಅಂದರು. ಇರಲಿಲ್ಲ. ವೈರು ಕಿತ್ತು ಸಿಕ್ಕಿಸಿದೆ. ಹೆಡ್‌ಫೋನು ಬದಲಾಯಿಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಮೈಕಿಗೆ ಊದಿದೆ, ಮಂತ್ರ ಒಂದನ್ನು ಬಿಟ್ಟು ಎಲ್ಲ ಆಯಿತು. ಪ್ರೋಗ್ರಾಂ ಅನ್ನೇ ತೆಗೆದು ಹೊಸದಾಗಿ ಹಾಕಿದೆ. ಅದು ಸೌಮ್ಯವಾಗಿ ತೆರೆದುಕೊಂಡಿತು, ಏನನ್ನೂ ಕೇಳಲಿಲ್ಲ. ಒಮ್ಮೆ ಬೇಡ ಅಂದವರ ಹತ್ತಿರ ಮತ್ತೆ ಕೇಳುವ ಪದ್ಧತಿ ಅದರ ಕುಲದಲ್ಲಿಲ್ಲ. ನಾವೇ ಸೆಟ್ಟಿಂಗ್ಸ್ ಒಳಗೆ ಇಳಿದು, ಪ್ರೈವೆಸಿ ಎನ್ನುವ ಕಡೆ ಹೊಕ್ಕು, ಮೈಕ್ರೋಫೋನ್ ಎನ್ನುವುದನ್ನು ಹುಡುಕಿ, ಪಾಸ್‌ವರ್ಡ್ ಕೊಟ್ಟು ಬೇಡಿಕೊಳ್ಳಬೇಕು. ಅಲ್ಲಿ ಆ ಪ್ರೋಗ್ರಾಮಿನ ಹೆಸರಿತ್ತು, ಪಕ್ಕದಲ್ಲಿ ಆರಿದ ಸ್ವಿಚ್ಚು. ಹಚ್ಚಿದೆ. ಪ್ರೋಗ್ರಾಂ ಮುಚ್ಚಿ ತೆರೆದರೆ ಮಾತ್ರ ಇದು ಜಾರಿಗೆ ಬರುತ್ತದೆ ಎಂದಿತು. ಮುಚ್ಚಿ ತೆರೆದೆ. "ಈಗ ಕೇಳಿಸ್ತಿದೆ ಮೇಡಂ," ಅಂದರು.

ನನಗೆ ಆ ಕ್ಷಣಕ್ಕೆ ಗೆದ್ದ ಖುಷಿ. ಅದು ಇಳಿದದ್ದು ಸ್ವಲ್ಪ ಹೊತ್ತಿನ ಮೇಲೆ, ಯಾರೋ ಅಂಕಿಅಂಶ ಓದುತ್ತಿದ್ದಾಗ. ನಿನ್ನೆ ಬೆಳಿಗ್ಗೆಯಿಂದಲೇ ಆ ಸ್ವಿಚ್ಚು ಆರಿತ್ತೆಂದರೆ, ಅಮ್ಮನ ಕರೆ?

ಅಮ್ಮನನ್ನು ಹುಷಾರಾಗಿ ಕೇಳಿದೆ. "ನಿನ್ನೆ ಸ್ಕ್ರೀನ್ ಮೇಲೆ ಏನಾದ್ರೂ ಬಂದಿತ್ತಾಮ್ಮ?"

"ಮೂಲೇಲಿ ಏನೋ ಹಳದಿ ಗುರುತು ಕಣೇ. ನಿನ್ನ ಆಫೀಸಿಂದೇನೋ ಅಂತ ನಾನು ಮುಟ್ಲಿಲ್ಲ. ಯಾಕೆ, ಕೆಟ್ಟೋಯ್ತಾ?"

"ಇಲ್ಲ, ಸುಮ್ನೆ ಕೇಳ್ದೆ."

ಮಾರನೇ ದಿನ ರಜೆ ಹಾಕಿ ಮಲ್ಲೇಶ್ವರಕ್ಕೆ ಹೋದೆ. ಅಮ್ಮನಿಗೆ ಆಫೀಸಿನ ಕೆಲಸ ಎಂದು ಹೇಳಿದ್ದೆ. ಮೂರು ಮಹಡಿ ಹತ್ತುವಾಗ ಮನಸ್ಸಿನಲ್ಲಿ ನಾಲ್ಕಾರು ಥರ ಪೀಠಿಕೆ ಹಾಕಿಕೊಂಡೆ. ಯಾವುದೂ ಬೇಕಾಗಲಿಲ್ಲ. ಅತ್ತಿಗೆ ಕಾಫಿ ತರಲು ಒಳಗೆ ಹೋದದ್ದೇ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದರು. "ನಿಮ್ಮಮ್ಮ ಅವತ್ತು ಏನು ಹೇಳಿದ್ಳೇ?"

"ನಿಮಗೆ ಕೇಳಿಸ್ಲಿಲ್ವಾ ದೊಡ್ಡಮ್ಮ?"

"ಒಂದಕ್ಷರ ಇಲ್ಲ. ಬಾಯಿ ಆಡ್ತಿತ್ತು. ಈ ಹಾಳು ಕಿವಿ ಮೆಷಿನ್ದು ಬ್ಯಾಟರಿ ಹೋಯ್ತು ಅಂದ್ಕೊಂಡೆ. ಸೊಸೇನ ಕರಿಯೋಣ ಅಂದ್ರೆ ಅಷ್ಟರಲ್ಲಿ ನಿಮ್ಮಮ್ಮ ಅಳೋಕೆ ಶುರು ಮಾಡಿದ್ಳು. ಅಳ್ತಾ ಇರೋವಳನ್ನ ತಡೆದು, ಏನಂದೆ, ಇನ್ನೊಂದ್ಸಲ ಹೇಳು, ಅನ್ನಕ್ಕಾಗತ್ತಾ? ಹೂಂ ಅಂದೆ. ಅವಳು ನಿಲ್ಲಿಸೋವರೆಗೂ ಹೂಂ ಅಂತಲೇ ಇದ್ದೆ."

ಕೆಟ್ಟದ್ದು ಅವರ ಯಂತ್ರವಲ್ಲ, ನನ್ನ ಕಡೆಯ ಸ್ವಿಚ್ಚು ಎಂದು ವಿವರಿಸಿದೆ. ಅವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

"ಅದಿರ್ಲಿ. ಏನು ಹೇಳಿದ್ಳು? ನೀನು ಅಲ್ಲೇ ಇದ್ಯಲ್ಲ."

"ಆಚೆ ಕಳಿಸ್ಬಿಟ್ಳು ದೊಡ್ಡಮ್ಮ. ನನಗೂ ಗೊತ್ತಿಲ್ಲ."

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಮದುವೆ ವಿಷಯ ಇರ್ಬೇಕು," ಅಂದರು ದೊಡ್ಡಮ್ಮ. "ತಪ್ಪಾಯ್ತು ಅಂದ್ಳೋ, ನಿಂದೇ ತಪ್ಪು ಅಂದ್ಳೋ. ಎರಡಕ್ಕೂ ಅಳ್ತಾಳೆ ಅವಳು, ಚಿಕ್ಕೋಳಿದ್ದಾಗಿಂದ. ನಾನು ಯಾವುದಕ್ಕೆ ಹೂಂ ಅಂದೆನೋ."

"ಮತ್ತೆ ಕಾಲ್ ಮಾಡಿಸ್ಲಾ? ಕೇಳಿಸಿರ್ಲಿಲ್ಲ ಅಂತ ನಾನೇ ಹೇಳ್ತೀನಿ."

"ಬೇಡ. ಹೇಳಿ ಮುಗಿಸಿದೀನಿ ಅಂತ ನೆಮ್ಮದಿಯಾಗಿದಾಳೆ ತಾನೆ? ಅವಳಿಗೆ ಹೇಳ್ಕೂಡ್ದು ನೀನು. ನನ್ನಾಣೆ."

ಅದು ಮೊದಲ ಸಲದ ಬೇಡವೋ, ನಿಜವಾದ ಬೇಡವೋ ಎಂದು ನಾನು ಅವರ ಮುಖ ನೋಡಿದೆ. ಇನ್ನೊಮ್ಮೆ ಕೇಳಿದೆ. ಕೈ ಬಿಡಿಸಿಕೊಂಡು, "ಕಾಫಿ ಆರತ್ತೆ, ಕುಡಿ," ಅಂದರು.

ಈಗ ಪ್ರತಿ ಭಾನುವಾರ ಇಬ್ಬರೂ ಮಾತಾಡುತ್ತಾರೆ. ಅಮ್ಮ ನನ್ನನ್ನು ಆಚೆ ಕಳಿಸುವುದಿಲ್ಲ, ಗುಟ್ಟಿನ ಮಾತು ಮುಗಿದಿದೆಯಲ್ಲ. ಹಾಗಲಕಾಯಿ ಗೊಜ್ಜು, ಮಂಡಿಗೆ ಹಚ್ಚುವ ಎಣ್ಣೆ, ಸತ್ತುಹೋದವರ ಸ್ವಭಾವಗಳು. ಮೊದಲಿಗಿಂತ ಎಷ್ಟೋ ಸಲೀಸು, ನಗುತ್ತಾರೆ ಕೂಡ. ನಾನು ಪಕ್ಕದಲ್ಲಿ ಸೆಟ್ಟಿಂಗ್ಸ್ ತೆರೆದುಕೊಂಡೇ ಕೂತಿರುತ್ತೇನೆ. ಅಲ್ಲಿ ಮೈಕಿನ ಮುಂದೆ ಒಂದು ಸಣ್ಣ ಪಟ್ಟಿ ಇದೆ, ಅಮ್ಮನ ಒಂದೊಂದು ಮಾತಿಗೂ ಹಸಿರಾಗಿ ಏರಿ ಇಳಿಯುತ್ತದೆ.

ಕರೆ ಮುಗಿಯುವ ಮುಂಚೆ ದೊಡ್ಡಮ್ಮ ಪರದೆಯ ಹತ್ತಿರಕ್ಕೆ ಬಗ್ಗುತ್ತಾರೆ.

"ಇನ್ನೇನಾದ್ರೂ ಹೇಳೋದಿದ್ಯೇನೇ?"

"ಎಲ್ಲಾ ಹೇಳಾಯ್ತಲ್ಲಕ್ಕ ಅವತ್ತೇ," ಅನ್ನುತ್ತಾಳೆ ಅಮ್ಮ.

ಪಟ್ಟಿ ಇಳಿಯುತ್ತದೆ. ದೊಡ್ಡಮ್ಮ ಇನ್ನೊಂದು ಗಳಿಗೆ ಕಾದು, ನನ್ನ ಕಡೆ ನೋಡದೆ, ಹೂಂ ಅನ್ನುತ್ತಾರೆ.