ಪೂಜೆಗಿಟ್ಟ ಸ್ಪ್ಯಾನರ್

ಆಯುಧಪೂಜೆಯ ಬೆಳಗ್ಗೆ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ, ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಇಂಜಿನ್ ಸದ್ದೇ ಬದಲಾಗಿತ್ತು. ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಎಳೆದೆ. ಕಪ್ಪಗಿರಬೇಕಾದ ಆಯಿಲ್ ಹಾಲು ಹೆಚ್ಚಾದ ಕಾಫಿಯ ಹಾಗಿತ್ತು. ಒಳಗೆ ನೀರು ಸೇರಿದೆ!

“ಆ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಒಳಗೆಲ್ಲ ಮಸಿ ಕಣೋ. ಪೂಜೆಗೆ ಅಂಗೇ ಇಡೋಕಾಗುತ್ತಾ? ಒಂದು ಚೊಂಬು ನೀರು ಹಾಕಿ ತೊಳೆದ್ಬುಟ್ಟೆ,” ಅಂದಳು ಅವ್ವ, ದೀಪದ ಕಂಬ ತೊಳೆದಷ್ಟೇ ಸಲೀಸಾಗಿ.

ನನ್ನ ತಲೆ ಕೆಟ್ಟುಹೋಯಿತು. ಎದುರುಮನೆಯ ಮೆಕ್ಯಾನಿಕ್ ಹತ್ತಿರ ಓಡಿದೆ. ಹೊಸ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದರು.

“ಸ್ಟಾರ್ಟ್ ಮಾತ್ರ ಮಾಡಬೇಡಿ. ಅಡಿಯ ಬೋಲ್ಟ್ ಬಿಚ್ಚಿ ಆಯಿಲ್ ಪೂರ್ತಿ ಇಳಿಸಬೇಕು ಕಣ್ರೀ, ನೀರು ನಿಂತರೆ ತುಕ್ಕು ಹಿಡಿಯುತ್ತೆ,” ಅಂದರು.

“ಹಾಗಾದ್ರೆ ಬನ್ನಿ, ಈಗಲೇ ಇಳಿಸಿ.”

“ಸ್ಪ್ಯಾನರೆಲ್ಲ ಪೂಜೆಗಿಟ್ಟಿದೀನಲ್ಲ! ನಾಳೆವರೆಗೂ ಮುಟ್ಟಂಗಿಲ್ಲ.”

ನಮ್ಮ ಮನೆಯ ಸ್ಪ್ಯಾನರೂ ದೇವರ ಮುಂದೆ, ಈಳಿಗೆಮಣೆಯ ಪಕ್ಕ, ಕುಂಕುಮ ಬಳಿದುಕೊಂಡು ಮಲಗಿತ್ತು. ಮುಟ್ಟಬಾರದು ಅಂದರೆ ಮುಟ್ಟಬಾರದು. ಆ ನೇಮ ಕಲಿಸಿದವಳೇ ಅವ್ವ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾರಿನ ಹತ್ತಿರ ಹೋಗುವುದು, ದೇವರಮನೆಗೆ ಬರುವುದು, ಮತ್ತೆ ಕಾರಿನ ಹತ್ತಿರ. ಚೆಂಡುಹೂವಿನ ಹಾರ ಹಾಕಿಕೊಂಡು ನಿಂತ ಆ ಕಾರನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಸಂಜೆ ಅವ್ವನೇ ಎದ್ದು, ದೇವರಿಗೆ ಕೈಮುಗಿದು, ಸ್ಪ್ಯಾನರಿನ ಕುಂಕುಮವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

“ಬೆಳಗ್ಗೆಯಿಂದ ಹೊಟ್ಟೇಲಿ ನೀರು ತುಂಬ್ಕೊಂಡು ನಿಂತದೆ. ಸುಮ್ನೆ ನೋಡ್ತಾ ಇದೀಯಲ್ಲ, ನಿನಗೆ ಕರುಳಿಲ್ವೇನೋ?”