ಸುಳಿ ನೋಡಿ ತಂದ ಜೋಡಿ ಕಾರ್ಡು

ಸುಳ್ಳು ಹೇಳಿದ್ದು ಅಣ್ಣ. ಅದಕ್ಕೆ ಬೇಕಾದ ಸಾಮಗ್ರಿ ಒದಗಿಸಿದ್ದು ನಾನು. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದಕ್ಕೆ ಅಲ್ಲಲ್ಲಿ ದಿನಚರಿಯ ಸಾಕ್ಷಿಯಿದೆ. ಆದರೆ ಆ ದಿನಚರಿ ಬರೆದವನೂ ನಾನೇ ಆದ್ದರಿಂದ ಅದನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ.

ಗಣಿ ಕೆಲಸ ಜೋರಾಗಿ ನಡೆಯುತ್ತಿದ್ದ ವರ್ಷಗಳು. ಅಣ್ಣ ಎರಡು ಟಿಪ್ಪರ್ ಇಟ್ಟುಕೊಂಡು ಅದಿರು ಸಾಗಿಸುತ್ತಿದ್ದ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಕೂತು ಕಂಪ್ಯೂಟರ್ ಪತ್ರಿಕೆಗಳನ್ನು ಓದುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಅವನ್ನು ಓದದ ಕಾರಣ, ಕಂಪ್ಯೂಟರ್ ಬಲ್ಲವನೆಂಬ ಹೆಸರು ನನಗೆ ಸುಲಭವಾಗಿ ಬಂದಿತ್ತು.

ಅಣ್ಣನಿಗೆ ಹೆಣ್ಣು ನೋಡಲು ಸಿರುಗುಪ್ಪಕ್ಕೆ ಹೋಗುವಾಗ ಜೀಪಿನಲ್ಲಿ ದಾರಿಯುದ್ದಕ್ಕೂ ನಾನು ಆ ತಿಂಗಳ ಪತ್ರಿಕೆಯ ವಿಷಯ ಕೊರೆದೆ. ಕಂಪ್ಯೂಟರ್ ಆಟಗಳ ಚಿತ್ರವನ್ನು ಪರದೆಯ ಮೇಲೆ ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್ ಎಂಬ ಸಣ್ಣ ಹಲಗೆ. ಅದು ಸೋತರೆ ಓಡುವ ಕಾರು ತಡವರಿಸಿ ತಡವರಿಸಿ ಓಡುತ್ತದೆ. ಈಗ ಒಂದೇ ಕಂಪ್ಯೂಟರಿಗೆ ಎರಡು ಕಾರ್ಡು ಹಾಕಿ ಕೆಲಸ ಹಂಚುವ ಕಾಲ ಬಂದಿದೆ, ಹೀಗೆ. ಅಪ್ಪ ನಿದ್ದೆ ಹೋದರು. ಅಣ್ಣ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ನನಗೆ ಅನಿಸಿರಲಿಲ್ಲ.

ಹುಡುಗಿಯ ತಂದೆಯದು ಅಕ್ಕಿ ಗಿರಣಿ. ಅವಳು ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಅವಲಕ್ಕಿ, ಚಹಾ ಮುಗಿದ ಮೇಲೆ ಹಿರಿಯರು ಅವರಿಬ್ಬರನ್ನೂ ಮಾತಾಡಿಕೊಳ್ಳಲೆಂದು ಅಕ್ಕಿ ಚೀಲಗಳ ಪಡಸಾಲೆಗೆ ಕಳಿಸಿದರು. ನಡುವೆ ಒಬ್ಬ ಇರಲಿ ಎಂದು ನನ್ನನ್ನೂ ಕಳಿಸಿದರು. ಕೆಲಸ ಬಿಟ್ಟರೆ ಮತ್ತೇನು ಮಾಡುತ್ತೀರಿ ಎಂದು ಅವಳು ಕೇಳಿದಳು. ನಿಜ ಹೇಳಬೇಕೆಂದರೆ ಕೆಲಸ ಬಿಟ್ಟರೆ ಅಣ್ಣ ಮಲಗುತ್ತಿದ್ದ. ಅಷ್ಟರಲ್ಲಿ ಅವಳೇ ತನಗೆ ಕಾರಿನ ರೇಸ್ ಆಟ ಇಷ್ಟವೆಂದೂ, ತನ್ನ ಕಂಪ್ಯೂಟರಿನ ಕಾರ್ಡು ಹಳೆಯದಾಗಿ ಪ್ರತಿ ತಿರುವಿನಲ್ಲೂ ಆಟ ನಿಂತುಬಿಡುತ್ತದೆಂದೂ ಹೇಳಿಬಿಟ್ಟಳು.

"ನಮ್ಮನ್ಯಾಗ ಎರಡು ಕಾರ್ಡಿಂದು ಐತ್ರಿ" ಎಂದ ಅಣ್ಣ. ಸ್ವಲ್ಪ ಯೋಚಿಸಿ, "ಎರಡು ವರ್ಷ ಆತು" ಎಂದೂ ಸೇರಿಸಿದ.

ಅವಳ ಮುಖ ಅರಳಿತು. ನನ್ನ ಮುಖ ಏನಾಯಿತೋ ನನಗೆ ಕಾಣಲಿಲ್ಲ. ನಮ್ಮಲ್ಲಿ ಹೆಣ್ಣು ನೋಡಿದ ಮೇಲೆ ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಲು ಬರುತ್ತಾರೆ. ಬರುವವರು ಹಿರಿಯರು, ಕೋಣೆ ಎಣಿಸುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ, ಹೋಗುತ್ತಾರೆ. ಆದರೆ ಹೊರಡುವ ಹೊತ್ತಿಗೆ ಹುಡುಗಿಯ ತಂದೆ, ಮುಂದಿನ ಭಾನುವಾರ ಬರುತ್ತೇವೆ, ಮಗಳೂ ಬರುತ್ತಾಳೆ ಎಂದರು. ಅಪ್ಪ ಹುಬ್ಬೇರಿಸಿದ್ದು ಕಂಡು, "ಅಲ್ಲಿ ಇರಾಕಿ ಅಕೀನ ಅಲ್ಲೇನ್ರಿ" ಎಂದು ನಕ್ಕರು.

ವಾಪಸು ಬಂದ ಅಣ್ಣ ಊಟ ಮಾಡಲಿಲ್ಲ. ಈ ಹುಡುಗಿಯನ್ನು ಬಿಟ್ಟರೆ ತನಗೆ ಬೇರೆ ಯಾರೂ ಬೇಡ, ಭಾನುವಾರದೊಳಗೆ ಎರಡು ಕಾರ್ಡಿನ ಕಂಪ್ಯೂಟರ್ ಮನೆಯಲ್ಲಿರಬೇಕು, ಇಲ್ಲದಿದ್ದರೆ ಅದಕ್ಕೆ ನಾನೇ ಹೊಣೆ ಎಂದ. ಜೀಪಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಹೊಣೆ ನನಗೆ ಬರುತ್ತಿರಲಿಲ್ಲ ಎಂಬುದು ನಿಜವೇ.

ಕಾರ್ಡು ಆರಿಸುವುದು ನನ್ನ ಕೆಲಸವೆಂದಾಯಿತು. ಅಷ್ಟರಲ್ಲಿ ಅವ್ವ ಕುರುಗೋಡಿನ ತನ್ನ ತಮ್ಮನಿಗೆ, ಅಂದರೆ ನಮ್ಮ ಮಾವನಿಗೆ, ಫೋನ್ ಮಾಡಿದ್ದಳು. ನಮ್ಮ ಮನೆಯಲ್ಲಿ ಜೋಡಿಯಾಗಿ ಕೊಳ್ಳುವ ಯಾವುದನ್ನೂ ಮಾವನಿಲ್ಲದೆ ಕೊಂಡವರಿಲ್ಲ. ಮಾವ ಎತ್ತಿನ ಜೋಡಿ ಆರಿಸುವುದರಲ್ಲಿ ಎತ್ತಿದ ಕೈ; ಸುತ್ತಲಿನ ಹಳ್ಳಿಯವರು ಸಂತೆಗೆ ಹೋಗುವಾಗ ಅವನನ್ನು ಕರೆದೊಯ್ಯುತ್ತಿದ್ದರು. ಅವ್ವನ ಬೆಂಡೋಲೆ, ಬಾಗಿಲಿನ ಜೋಡಿ ಕದಗಳು, ಒಮ್ಮೆ ನನ್ನ ಚಪ್ಪಲಿ ಕೂಡ ಅವನೇ ನೋಡಿ ತಂದದ್ದು. ಎರಡು ಕಾರ್ಡು ಎಂದ ಮೇಲೆ ಅವನು ಬಾರದಿದ್ದರೆ ಅವ್ವನಿಗೆ ಸಮಾಧಾನವಿಲ್ಲ.

ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿಗಳ ಸಾಲಿನ ಮಹಡಿಯ ಮೇಲೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಿತ್ತು. ಮಾಲೀಕರು ನಡುವಯಸ್ಸಿನ ಒಬ್ಬ ಭಾಯ್. ಆಗ ಇಂಥ ಕಾರ್ಡಿಗೆ ಹೆಸರಾದ ಕಂಪನಿಗಳು ಎರಡು. ಒಂದರ ಡಬ್ಬಿ ಹಸಿರು, ಇನ್ನೊಂದರದು ಕೆಂಪು. ನಾನು ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ: ಒಂದು ಹಸಿರು, ಒಂದು ಕೆಂಪು. ಒಂದು ನೆರಳನ್ನು ಚೆನ್ನಾಗಿ ಬಿಡಿಸುತ್ತದೆ, ಇನ್ನೊಂದು ನೀರನ್ನು. ಎರಡೂ ಸೇರಿದರೆ ನೆರಳೂ ಸಿಕ್ಕಿತು, ನೀರೂ ಸಿಕ್ಕಿತು. ದಿನಚರಿಯಲ್ಲಿ ಇದಕ್ಕೆ ‘ಸಮನ್ವಯ’ ಎಂದು ಹೆಸರು ಕೊಟ್ಟು ಕೆಳಗೆ ಗೆರೆ ಎಳೆದಿದ್ದೇನೆ.

ಮಾವ ಎರಡು ಡಬ್ಬಿಗಳನ್ನೂ ನೋಡಿ ನನ್ನನ್ನು ನೋಡಿದ. "ಹೋರಿಗೂ ಕ್ವಾಣಕ್ಕೂ ಜೋಡಿ ಕಟ್ಟಿದವರನ್ನ ಎಲ್ಲೆರ ನೋಡಿಯೇನಲೇ ಅಳಿಯಾ? ಎಂ.ಎ.ದಾಗ ಇದನ್ನ ಕಲಿಸಿದ್ರೇನು?"

ಇದು ದನವಲ್ಲ, ವಿಜ್ಞಾನ ಎಂದು ನಾನು ಹೇಳುವಷ್ಟರಲ್ಲಿ ಭಾಯ್ ಕೆಮ್ಮಿದರು. "ಮಾವಾರು ಹೇಳೋದು ಖರೇ ಐತ್ರಿ ಸರ್. ಒಂದ ಕಂಪನೀದು, ಒಂದ ನಮೂನಿದು ಇದ್ರಷ್ಟ ಜೋಡಿ ನಡಿತಾವು." ಅದೇ ಪ್ರಶ್ನೆಯನ್ನು ನಾನು ಬೇರೆ ಬೇರೆ ಪದಗಳಲ್ಲಿ ಮತ್ತೆ ಕೇಳಿದೆ. ಪ್ರತಿ ಸಲವೂ ಅದೇ ಉತ್ತರ ಬಂತು.

ಅಲ್ಲಿಂದ ಮುಂದೆ ವ್ಯವಹಾರ ನನ್ನ ಕೈ ಬಿಟ್ಟಿತು. ಮಾವ ಅಂಗಡಿಯಲ್ಲಿದ್ದ ಐದೂ ಹಸಿರು ಡಬ್ಬಿಗಳನ್ನು ತೆಗೆಸಿ ಕಾರ್ಡುಗಳನ್ನು ಸಾಲಾಗಿ ಇಡಿಸಿದ. ಕಂಪ್ಯೂಟರಿನೊಳಗೆ ಸಿಕ್ಕಿಸುವ ಅಂಚಿನಲ್ಲಿ ಕಾರ್ಡಿಗೆ ಚಿನ್ನದ ಬಣ್ಣದ ಸಣ್ಣ ಪಟ್ಟಿಗಳಿರುತ್ತವೆ. ಅವನ್ನು ಹಲ್ಲು ಎಂದು ಎಣಿಸಿದ. ಎತ್ತಿನ ಮೈಯ ಕೂದಲ ಸುಳಿ ನೋಡುವಂತೆ, ಮೇಲಿನ ಪುಟ್ಟ ಫ್ಯಾನಿನ ರೆಕ್ಕೆಗಳು ಯಾವ ಕಡೆಗೆ ಸುತ್ತಿವೆ ಎಂದು ಸುಳಿ ನೋಡಿದ. ಕಣ್ಣು ಮುಚ್ಚಿ ಎರಡು ಕೈಯಲ್ಲೂ ಒಂದೊಂದನ್ನು ತೂಗಿದ. ಒಂದರ ಬೆನ್ನು ತಟ್ಟಿ, ಮತ್ತೊಂದರ ಫ್ಯಾನಿಗೆ ಊದಿ, ಅದು ತಿರುಗಿ ನಿಲ್ಲುವವರೆಗೂ ಕಾದು, "ಇದು ಸೋಂಬೇರಿ ಐತಿ, ಬ್ಯಾಡ" ಎಂದು ದೂರ ಸರಿಸಿದ. ಒಂದೇ ಯಂತ್ರದಲ್ಲಿ ಅಚ್ಚಾಗಿ ಬಂದ ಐದರಲ್ಲಿ ಭೇದ ಹುಡುಕುವುದು ಹುಚ್ಚೆಂದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ಸೋಂಬೇರಿ ಕಾರ್ಡನ್ನು ಆಮೇಲೆ ಯಾರು ಕೊಂಡರು, ಅದು ಹೇಗೆ ನಡೆಯಿತು ಎಂದು ತಿಳಿಯುವ ಆಸೆ ಇನ್ನೂ ಹೋಗಿಲ್ಲ.

ಕೊನೆಗೆ ಎರಡನ್ನು ಆರಿಸಿ ಮಾವ ಹೆಗಲ ಟವೆಲ್ ತೆಗೆದು ಕೈಮೇಲೆ ಹರಡಿಕೊಂಡ. ದನದ ಸಂತೆಯಲ್ಲಿ ವ್ಯಾಪಾರ ಬಟ್ಟೆಯ ಕೆಳಗೆ ಬೆರಳು ಹಿಡಿದು ನಡೆಯುತ್ತದೆ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಭಾಯ್ ಮಾತ್ರ ತಮ್ಮ ತಂದೆ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದರೆಂದು ಹೇಳಿ, ಖುಷಿಯಿಂದ ಟವೆಲಿನೊಳಗೆ ಕೈ ಹಾಕಿದರು. ಒಳಗೆ ಏನು ನಡೆಯಿತೋ, ಇಬ್ಬರೂ ಗೆದ್ದವರ ಮುಖದಲ್ಲಿ ಕೈ ಹೊರತೆಗೆದರು.

"ಮತ್ತ ನೊಗ?" ಎಂದ ಮಾವ.

ನಾನು ಅವನ ತೋಳು ಹಿಡಿದು ಹೊರಗೆ ಎಳೆಯಲು ನೋಡಿದೆ. ಭಾಯ್ ಮೇಜಿನ ಖಾನೆಯಿಂದ ಬೆರಳುದ್ದದ ಒಂದು ಪಟ್ಟಿ ತೆಗೆದುಕೊಟ್ಟರು. ಎರಡು ಕಾರ್ಡುಗಳ ನೆತ್ತಿಗೂ ಅಡ್ಡಲಾಗಿ ಹಾಕುವ ಪಟ್ಟಿ ಅದು. ಅದಿಲ್ಲದಿದ್ದರೆ ಎರಡೂ ಅಕ್ಕಪಕ್ಕ ಸುಮ್ಮನೆ ಕೂತಿರುತ್ತವಂತೆ. ಪತ್ರಿಕೆಯಲ್ಲಿ ಇದನ್ನು ನಾನು ಓದಿರಲೇಬೇಕು. ಜೋಡಿಯನ್ನು ತಡೆದುಕೊಳ್ಳುವ ಬೋರ್ಡು, ಕರೆಂಟಿನ ಡಬ್ಬಿ, ಎಲ್ಲವನ್ನೂ ಭಾಯ್ ಅವರೇ ಆರಿಸಿದರು. ನನಗೆ ಬಿಟ್ಟದ್ದು ಪೆಟ್ಟಿಗೆಯೊಳಗಿನ ದೀಪ ನೀಲಿಯೋ ಕೆಂಪೋ ಎಂಬುದು. ನೀಲಿ ಎಂದೆ. ಆ ದಿನದ ದಿನಚರಿಯಲ್ಲಿ ‘ಎಲ್ಲ ಆರಿಸಿದೆ. ತಿಂಡಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ’ ಎಂದಷ್ಟೇ ಇದೆ.

ಕಂಪ್ಯೂಟರ್ ಜೋಡಿಸಿದೆವು. ನಡೆಯಿತು. ರೇಸಿನ ಕಾರು ನೀರಿನ ಹಾಗೆ ಓಡಿತು. ಅಣ್ಣ ಎರಡು ದಿನ ಅಭ್ಯಾಸ ಮಾಡಿದ. ಸಂಡೂರಿನ ಘಾಟಿಯಲ್ಲಿ ಟಿಪ್ಪರ್ ಇಳಿಸುವವನು ಆಟದಲ್ಲಿ ಎಡಕ್ಕೆ ಸರಿದು ಹಿಂದಿನವರಿಗೆಲ್ಲ ದಾರಿ ಬಿಡುತ್ತಿದ್ದ, ಕೀಲಿಗಳಲ್ಲಿ ಹಾರ್ನ್ ಹುಡುಕುತ್ತಿದ್ದ. ಶನಿವಾರ ಮಧ್ಯಾಹ್ನ ಅವನಿಗೆ ತಟ್ಟನೆ ಹೊಳೆಯಿತು: ಎರಡು ವರ್ಷ ಆಯಿತೆಂದು ಹೇಳಿದ್ದೇನಲ್ಲ!

ಆಗ ನಮ್ಮ ಊರಿನಲ್ಲಿ ಎರಡು ವರ್ಷ ಹಳೆಯದಾದ ಯಾವುದೂ ಕೆಂಪಾಗದೆ ಉಳಿಯುತ್ತಿರಲಿಲ್ಲ. ಅದಿರಿನ ಲಾರಿಗಳ ಧೂಳು ಕಿಟಕಿ ಮುಚ್ಚಿದ್ದರೂ ಬಂದು ಮೊಸರಿನ ಮುಚ್ಚಳದ ಮೇಲೆ, ಕ್ಯಾಲೆಂಡರಿನ ದೇವರ ಮೇಲೆ ಕೂರುತ್ತಿತ್ತು. ನಮ್ಮ ಕಂಪ್ಯೂಟರ್ ಮಾತ್ರ ಮದುಮಗನ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಧೂಳು ಹಚ್ಚಬೇಕೆಂಬ ಉಪಾಯ ಯಾರದು? ನನ್ನ ನೆನಪಿನ ಪ್ರಕಾರ ಮಾವನದು. ಮಾವ ಸಾಯುವವರೆಗೂ ಅದು ಅಣ್ಣನದೆಂದ. ದಿನಚರಿಯಲ್ಲಿ ‘ನಾನು ಒಂದು ಉಪಾಯ ಹೇಳಿದೆ’ ಎಂದಿದೆ. ಎಂಥ ಉಪಾಯವೆಂದು ಬರೆದಿಲ್ಲ. ಅದು ಬೇರೆಯದೂ ಇರಬಹುದು.

ಮನೆ ಮುಂದೆ ನಿಂತಿದ್ದ ಟಿಪ್ಪರಿನಿಂದ ಧೂಳು ಗುಡಿಸಿ, ಅವ್ವನ ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಅವಳ ಪೌಡರಿನ ಹತ್ತಿಯಿಂದ ಒಳಗೆಲ್ಲ ಹಚ್ಚಿದೆವು. ಮಾವ ಪಕ್ಕದಲ್ಲಿ ನಿಂತು, ಬೆನ್ನ ಮೇಲೆ ಇನ್ನೊಂದಿಷ್ಟು ಎಂದು ಹೇಳಿಕೊಟ್ಟ. ಕರೆಂಟು ಹರಿಯುವ ಯಂತ್ರದೊಳಗೆ ಕಬ್ಬಿಣದ ಅದಿರಿನ ಪುಡಿ ತುಂಬಬಾರದೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊರೆಲ್ಲ ಅದನ್ನೇ ಉಸಿರಾಡುತ್ತಿದ್ದಾಗ ಯಂತ್ರಕ್ಕೇನಾಗುತ್ತದೆ ಎಂದುಕೊಂಡಿದ್ದೆವೋ ಏನೋ.

ಭಾನುವಾರ ಹನ್ನೊಂದಕ್ಕೆ ಬಂದರು. ಹುಡುಗಿಯ ತಂದೆ ಕೋಣೆ ಎಣಿಸಿದರು, ನಲ್ಲಿ ತಿರುಗಿಸಿದರು, ತಲೆ ಆಡಿಸಿದರು. ಲಾಡು ತಿಂದರು. ಹುಡುಗಿ ಲಾಡು ಮುಟ್ಟದೆ ಕಂಪ್ಯೂಟರ್ ಎಲ್ಲಿ ಎಂದಳು. ಒಳಗಿನ ಕೋಣೆಗೆ ಅವಳು, ಅಣ್ಣ, ನಾನು, ಮಾವ ಹೋದೆವು. ಅಣ್ಣ ಗುಂಡಿ ಒತ್ತಿದ.

ಫ್ಯಾನುಗಳು ಒಮ್ಮೆಲೇ ಗರ್ ಎಂದವು. ಹಿಂಬದಿಯಿಂದ ಒಂದು ಕೆಂಪು ಮೋಡ ಹೊರಟು ಮಾವನ ಬಿಳಿ ಧೋತರದ ಮೇಲೆ ಇಳಿಯಿತು. ಯಂತ್ರ ಮೂರು ಸಲ ಕೀಂಗುಟ್ಟಿತು. ಪರದೆ ಕಪ್ಪಾಗಿಯೇ ಉಳಿಯಿತು.

ಅವಳು ಸ್ಕ್ರೂಡ್ರೈವರ್ ಕೇಳಿ, ಪೆಟ್ಟಿಗೆಯ ಪಕ್ಕದ ತಗಡನ್ನು ತಾನೇ ಬಿಚ್ಚಿದಳು. ಬಹಳ ಹೊತ್ತು ನೋಡಿದಳು. ಮೇಲಿನ ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆದು ಎಳೆದಳು. ಕಂಪನಿಯವರು ಅಂಟಿಸಿ ಕಳಿಸಿದ ತೆಳು ಪ್ಲಾಸ್ಟಿಕ್ ಹಾಳೆ ಸರ್ರನೆ ಬಂತು. ಅದನ್ನು ತೆಗೆಯಲು ಮರೆತು, ನಾವು ಅದರ ಮೇಲೆಯೇ ಧೂಳು ಹಚ್ಚಿದ್ದೆವು. ಅಡಿಯಲ್ಲಿ ಕಾರ್ಡು ಥಳಥಳ ಹೊಳೆಯಿತು.

"ನಮ್ಮದು ಗಿರಣಿ ಮನಿ" ಎಂದಳು, ಮೆಲ್ಲಗೆ. "ನನ್ನ ಕಂಪ್ಯೂಟರಿನಾಗ ತೌಡು ಕೂಡತೈತಿ, ತಿಂಗಳಾ ನಾನ ತೆಗೀತೀನಿ. ತಾನಾಗಿ ಬಂದ ಧೂಳು ಫ್ಯಾನಿನ ಅಂಚಿಗೆ ಕೂಡತೈತ್ರಿ. ಇದನ್ನ ಯಾರೋ ಹಚ್ಯಾರ."

ಅಣ್ಣ ನನ್ನನ್ನು ನೋಡಿದ. ನಾನು ಮಾವನನ್ನು ನೋಡಿದೆ. ಮಾವ ಸೂರು ನೋಡಿದ. ಆಮೇಲೆ ಅಣ್ಣ, ಮನೆಯಲ್ಲೂ ಸಿರುಗುಪ್ಪದಲ್ಲೂ ನಾನು ಕೇಳಿರದ ಸಣ್ಣ ದನಿಯಲ್ಲಿ ಹೇಳಿದ: "ನಾನ ಹಚ್ಚೀನ್ರಿ. ಇದು ಬಂದು ಮೂರು ದಿನ ಆತು. ನನಗ ಗೇಮ್ ಬರಂಗಿಲ್ಲ. ಪುರುಸೊತ್ತು ಸಿಕ್ಕರ ಮಲಗತೀನಿ."

"ಮತ್ತೇನೇನು ಸುಳ್ಳೈತಿ? ಈಗ ಹೇಳಿಬಿಡ್ರಿ."

ಅಣ್ಣ ಹೇಳತೊಡಗಿದ. ಪಡಸಾಲೆಯ ಕುರ್ಚಿಗಳು ಪಕ್ಕದ ಮನೆಯವು. ಕಪಾಟಿನ ಪುಸ್ತಕಗಳು ನನ್ನವು. ಪರದೆ ಬಟ್ಟೆ ನಿನ್ನೆ ತಂದದ್ದು. ಉತ್ಸಾಹ ತಡೆಯದೆ ಮಾವ, ಲಾಡು ಅವ್ವ ಮಾಡಿದ್ದಲ್ಲ, ಅಂಗಡಿಯದು ಎಂದ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವ್ವ ಅವನನ್ನು ನೋಡಿದ ರೀತಿ ನನ್ನ ನೆನಪಿನಲ್ಲಿ ಅಚ್ಚಳಿಯದೆ ಇದೆ. ಇದಕ್ಕೆ ದಿನಚರಿ ಬೇಡ.

ಹುಡುಗಿ ನಗಲಿಲ್ಲ. ಒಂದು ಒಣ ಬ್ರಷ್ ಮತ್ತು ಪೆನ್ಸಿಲ್ ಅಳಿಸುವ ರಬ್ಬರ್ ಕೇಳಿದಳು. ಕಾರ್ಡುಗಳನ್ನು ಒಂದೊಂದಾಗಿ ಹೊರತೆಗೆದು ಅಣ್ಣನ ಕೈಗೆ ಬ್ರಷ್ ಕೊಟ್ಟು, ಚಿನ್ನದ ಪಟ್ಟಿಗಳನ್ನು ತಾನು ರಬ್ಬರಿನಿಂದ ಉಜ್ಜಿದಳು. ಇಬ್ಬರೂ ನೆಲದ ಮೇಲೆ ಕೂತು ಅರ್ಧ ಗಂಟೆ ಕೆಲಸ ಮಾಡಿದರು. ಮಾತಾಡಿದ್ದು ಕಡಿಮೆ. ಮೊದಲು ಒಂದು ಕಾರ್ಡು ಹಾಕಿದಾಗ ಪರದೆ ಬೆಳಗಿತು. ಎರಡನೆಯದನ್ನೂ ಹಾಕಿ, ಪಟ್ಟಿ ಕೂರಿಸಿ ಗುಂಡಿ ಒತ್ತಿದಳು. ರೇಸಿನ ಕಾರು ಬಂತು. ಅಣ್ಣ ಮೊದಲ ತಿರುವಿನಲ್ಲೇ ಅದನ್ನು ಗೋಡೆಗೆ ಗುದ್ದಿದ.

ಪಡಸಾಲೆಯಿಂದ ಅವಳ ತಂದೆ ಕೂಗಿದರು: "ಏನವಾ, ಆತೇನು? ಹೊರಡೂಣೇನು?"

"ಇನ್ನೂ ಹೊತ್ತು ಹಿಡಿತೈತಪ್ಪಾ, ಕುಂದರ್ರಿ" ಎಂದಳು, ಪರದೆಯಿಂದ ಕಣ್ಣು ಕೀಳದೆ. "ಇವರಿಗೆ ಏನೂ ಬರಂಗಿಲ್ಲ. ಎಲ್ಲಾ ಕಲಿಸಬೇಕು."

ಪಡಸಾಲೆಯಲ್ಲಿ ಆ ಹಿರಿಯರು, ಮಾತು ಗಟ್ಟಿಮಾಡಲು ಎಲೆ ಅಡಿಕೆ ತರಿಸಿ ಎಂದು ಅಪ್ಪನಿಗೆ ಹೇಳಿದ್ದು ಕೇಳಿಸಿತು. ಅವ್ವನ ಕಣ್ಣಿಗೆ ಬೀಳದೆ ಪಾರಾಗಲು ದಾರಿ ಹುಡುಕುತ್ತಿದ್ದ ಮಾವ, ತಾನೇ ತರುತ್ತೇನೆಂದು ಕೆಂಪು ಧೋತರದಲ್ಲೇ ಅಂಗಡಿಗೆ ಓಡಿದ.

ಅಣ್ಣ ಮತ್ತೆ ಗೋಡೆಗೆ ಗುದ್ದಿದ. "ಬ್ರೇಕ್ ಹಾಕ್ರಿ, ಬ್ರೇಕ್" ಎಂದರು ಅತ್ತಿಗೆ. ಆ ಹೊತ್ತಿಗೆ ಅವರಿನ್ನೂ ಅತ್ತಿಗೆ ಆಗಿರಲಿಲ್ಲ, ನಿಜ. ಆದರೆ ಅಲ್ಲಿಂದ ಮುಂದೆ ನನ್ನ ನೆನಪು ಅವರನ್ನು ಬೇರೆ ಯಾವ ರೀತಿಯಲ್ಲೂ ಕರೆಯಲು ಒಪ್ಪುವುದಿಲ್ಲ.